275 ಮೆಟ್ಟಿಲು ಬಾಕಿ

ದಸರೆಗೆ ಊರಿಗೆ ಹೋದಾಗ ಅವ್ವನ ಹಳೇ ಟ್ರಂಕಿನ ತಳದಲ್ಲಿ ಒಂದು ನೋಟ್‌ಬುಕ್ ಸಿಕ್ಕಿತು. ರಟ್ಟನ್ನು ಅರ್ಧ ಹುಳ ತಿಂದಿತ್ತು. ಒಳಗೆ ನನ್ನದೇ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ. ಮೊದಲ ಹಾಳೆಯಲ್ಲಿ '9ನೇ ತರಗತಿ, ಎಣಿಕೆ ಪುಸ್ತಕ, 1994'. ತಿರುಗಿಸಿದರೆ 'ಅಂಜನಾದ್ರಿ ಮೆಟ್ಟಿಲು: 612' ಅಂತ ನಾನು ಬರೆದಿದ್ದೆ. ಅದರ ಮೇಲೆ ಕೆಂಪು ಶಾಯಿಯ ಅಡ್ಡಗೀಟು. ಕೆಳಗೆ ಸರ್ ಕೈಬರಹ: '575. ಹತ್ತಿದ್ದು 300. ಬಾಕಿ 275.' ಸಹಿ, ತಾರೀಕು ಎಲ್ಲ ಇತ್ತು. ಬ್ಯಾಂಕಿನವರು ಕೂಡ ಇಷ್ಟು ಚೆನ್ನಾಗಿ ಸಾಲದ ಲೆಕ್ಕ ಇಡುವುದಿಲ್ಲ.

ನಮ್ಮ ಗಣಿತದ ಮಾಸ್ತರಿಗೆ ಎಣಿಸುವ ಹುಚ್ಚು. ವರ್ಷಕ್ಕೊಮ್ಮೆ ಕೆಂಪು ಬಸ್ಸು ಮಾಡಿಕೊಂಡು ಎರಡು ದಿನದ ಟ್ರಿಪ್ ಕರೆದುಕೊಂಡು ಹೋಗುತ್ತಿದ್ದರು. ಎಲ್ಲಿ ಇಳಿದರೂ ಒಂದೇ ಮಾತು: "ಛಲೋ ಐತಿ ಅನಬ್ಯಾಡ್ರಿ, ಎಷ್ಟೈತಿ ಹೇಳ್ರಿ." ಡ್ಯಾಮಿಗೆ ಹೋದರೆ ಗೇಟು, ಗುಡ್ಡಕ್ಕೆ ಹೋದರೆ ಮೆಟ್ಟಿಲು, ಗುಡಿಗೆ ಹೋದರೆ ಕಂಬ. ಎಣಿಸಿ ಪುಸ್ತಕದಲ್ಲಿ ಬರೆಯಬೇಕು. ನಾವು ಮೂವರು ಎಣಿಸುತ್ತಿರಲಿಲ್ಲ. ಅದೇ ಕಥೆ.

ನೋಟ್‌ಬುಕ್ಕಿನ ಫೋಟೋ ಟೈಲರ್‌ಗೆ, ಲೀಡರ್‌ಗೆ ಕಳಿಸಿದೆ. ಟೈಲರ್ ಅಂದರೆ ಅವರಪ್ಪ ಟೈಲರ್, ಈಗ ಇವನೂ ಬಳ್ಳಾರಿಯಲ್ಲಿ ಆರು ಮಷೀನ್ ಇಟ್ಟುಕೊಂಡು ಜೀನ್ಸ್ ಹೊಲಿಸುತ್ತಾನೆ. ಲೀಡರ್ ಅಂದರೆ ಕ್ಲಾಸ್ ಲೀಡರ್, ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುತ್ತಿದ್ದವನು, ಈಗ ಗಂಗಾವತಿಯಲ್ಲಿ ಗೊಬ್ಬರದ ಅಂಗಡಿ. ನಿಜವಾದ ಹೆಸರು ಹಾಕಬಾರದು ಅಂತ ಇಬ್ಬರೂ ಆಣೆ ಹಾಕಿಸಿದ್ದಾರೆ. ಅರ್ಧ ಗಂಟೆಗೆ ಟೈಲರ್ ಉತ್ತರ ಬಂತು: "ಸರ್ ಇನ್ನೂ ಅದಾರ. ಯಲಬುರ್ಗಾ ಕಡೆ ತಮ್ಮ ಊರಾಗ. ಹೋಗೂಣು?" ಹಾಗಾದರೆ ಹಳೇ ಟ್ರಿಪ್ ದಾರಿಯಲ್ಲೇ ಹೋಗೋಣ, ಈ ಸಲ ಎಣಿಸಿಕೊಂಡೇ ಹೋಗೋಣ ಅಂತ ತೀರ್ಮಾನ ಆಯಿತು. 2024ರ ಡಿಸೆಂಬರ್ 26ರಿಂದ 29, ನಾಲ್ಕು ದಿನ.

ಮೊದಲನೇ ದಿನ, ಗುರುವಾರ: ಬಳ್ಳಾರಿ, ಕಂಪ್ಲಿ, ಗಂಗಾವತಿ

ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಬೆಳಗಿನ ಜಾವ ಬಳ್ಳಾರಿಯಲ್ಲಿ ಇಳಿದೆ. ಟೈಲರ್ ಸ್ಟೇಷನ್ ಹೊರಗೆ ಮಫ್ಲರ್ ಸುತ್ತಿಕೊಂಡು ನಿಂತಿದ್ದ. ಬಳ್ಳಾರಿಯಲ್ಲಿ ಡಿಸೆಂಬರ್‌ನಲ್ಲೂ ಮಫ್ಲರ್ ಬೇಕಾಗುವಷ್ಟು ಚಳಿ ಇರುವುದಿಲ್ಲ, ಅದು ಸುಮ್ನೆ ಶೋಕಿ. ಒಗ್ಗರಣೆ-ಮಿರ್ಚಿ ತಿಂದೆವು. ಮಂಡಾಳಿನ ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಪಕ್ಕಕ್ಕೆ ಉದ್ದನೆಯ ಎರಡು ಮಿರ್ಚಿ. ಬೆಂಗಳೂರಲ್ಲಿ ಎಷ್ಟು ದುಡ್ಡು ಕೊಟ್ಟರೂ ಇದು ಹೀಗೆ ಬರುವುದಿಲ್ಲ, ಯಾಕೆ ಅಂತ ಕೇಳಬೇಡಿ.

ಹೊರಡುವಾಗ ಟೈಲರ್ ತಾಯಿ ಒಂದು ಪೊಟ್ಟಣ ಕೊಟ್ಟರು. ಬಿಚ್ಚಿದರೆ ಹುಣಸೆ ಬೀಜ. "ನಿಮ್ಮ ಮಾಸ್ತರು ಎಣಿಸಾಕ ಹೇಳಿಕೊಟ್ಟಿದ್ರಲ್ಲ, ಇವನು ಈಗೂ ಕಾಜಾ-ಗುಂಡಿ ಎಣಿಸಾಕ ಇದನ್ನ ಇಟಗೊಂಡಾನ" ಅಂದರು. ಹೌದು, ಮರೆತೇಹೋಗಿತ್ತು. ಬಲ ಜೇಬಿನ ತುಂಬ ಹುಣಸೆ ಬೀಜ ಹಾಕಿಕೊಳ್ಳಬೇಕು. 25 ಎಣಿಸಿದ ಮೇಲೆ ಒಂದು ಬೀಜ ಎಡ ಜೇಬಿಗೆ. ನಡುವೆ ಯಾರು ಮಾತಾಡಿಸಿದರೂ ಲೆಕ್ಕ ತಪ್ಪಿದರೆ 25ರೊಳಗೇ ತಪ್ಪುತ್ತದೆ.

ಕುರುಗೋಡು ದಾಟಿ ಕಂಪ್ಲಿ. ಅಲ್ಲಿ ತುಂಗಭದ್ರಾ ಸೇತುವೆ. ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟರೆ ಈ ಸೇತುವೆ ಮುಳುಗುತ್ತದೆ. ನಾವು ಓದುವಾಗ ಅದು ಮುಳುಗಿತು ಅಂದರೆ ಆ ಕಡೆಯಿಂದ ಬರುವ ಅಕ್ಕೋರಿಗೆ ಬರಲಾಗುತ್ತಿರಲಿಲ್ಲ, ನಮಗೆ ಕನ್ನಡ ಪೀರಿಯಡ್ ಇಲ್ಲ. ಮಳೆಗಾಲದಲ್ಲಿ ರೈತರಿಗಿಂತ ನಮಗೇ ಡ್ಯಾಮಿನ ಮಟ್ಟದ ಮೇಲೆ ಕಣ್ಣು ಜಾಸ್ತಿ. ಹೊಳೆ ದಾಟಿದರೆ ಕೊಪ್ಪಳ ಜಿಲ್ಲೆ. ಆಗ ರಾಯಚೂರು ಜಿಲ್ಲೆ, ಕೊಪ್ಪಳ ಬೇರೆ ಆಗಿದ್ದು 1997ರಲ್ಲಿ.

ಶಾಲೆ ಗಂಗಾವತಿಯ ಆಚೆ ಒಂದು ಕ್ಯಾಂಪಿನ, ಅಂದರೆ ವಲಸೆ ಬಂದ ರೈತರ ಊರಿನ, ಪಕ್ಕದಲ್ಲಿದೆ. ಹಿಂದೆ ಕಾಲುವೆ. ಭತ್ತ ಕೊಯ್ದಾಗಿತ್ತು, ಎರಡನೇ ಬೆಳೆಗೆ ಸಸಿ ಮಡಿ ಹಸಿರಾಗಿ ಎದ್ದಿತ್ತು. ಲೀಡರ್ ಗೇಟಿನ ಹತ್ತಿರ ಬೈಕ್ ಮೇಲೆ ಕೂತು ಕಾಯುತ್ತಿದ್ದ. ಊಟದ ಹೊತ್ತು. ಮಕ್ಕಳು ತಟ್ಟೆ ಹಿಡಿದು ಮೊಟ್ಟೆಗೆ ಸಾಲು ನಿಂತಿದ್ದರು. ನಮ್ಮ ಕಾಲದಲ್ಲಿ ಬೆಲ್ ಅಂದರೆ ಬೇವಿನ ಮರಕ್ಕೆ ಕಟ್ಟಿದ್ದ ರೈಲು ಹಳಿಯ ತುಂಡು. ಈಗ ಕರೆಂಟ್ ಬೆಲ್. ಮರ ಇದೆ, ಹಳಿ ಇಲ್ಲ.

ನಾನು ನೇರ ಹೋಗಿ ನೋಡಿದ್ದು ಮೆಟ್ಟಿಲು. ನಮ್ಮ ಶಾಲೆಗೆ ಐದು ಮೆಟ್ಟಿಲಿದ್ದವು. ಈಗ ನಾಲ್ಕೇ ಕಂಡವು. ಅಂಗಳಕ್ಕೆ ಮಣ್ಣು ಹಾಕಿ ಕಾಂಕ್ರೀಟ್ ಹೊಡೆದಿದ್ದಾರೆ, ಕೆಳಗಿನದು ಒಳಗೆ ಹೋಗಿದೆ. "ಆಗ ಐದಿತ್ತು ಅಂತ 115 ಸಲ ಭಾಗಾಕಾರ ಸರಿ ಬಂದಿತ್ತು, ಈಗಾಗಿದ್ರ ಭಾಗ ಆಗ್ತಿರಲಿಲ್ಲ" ಅಂದ ಟೈಲರ್. ಇದಕ್ಕೆ ಅರ್ಥ ಮುಂದೆ ಹೇಳುತ್ತೇನೆ.

ಅಲ್ಲೇ ಬೇವಿನ ಮರದ ಕೆಳಗೆ ಕೂತು ಲೂನಾ ನೆನಪು ಮಾಡಿಕೊಂಡೆವು. ಸರ್ ಹತ್ತಿರ ಒಂದು ಹಸಿರು ಲೂನಾ ಮೊಪೆಡ್ ಇತ್ತು. ಹಿಂದಿನ ಕ್ಯಾರಿಯರ್‌ಗೆ ಸೈಕಲ್ ಟ್ಯೂಬಿನಿಂದ ಬಿಗಿದ ಉತ್ತರ ಪತ್ರಿಕೆ ಕಟ್ಟು. ಒಂದು ದಿನ ಯೂನಿಟ್ ಟೆಸ್ಟ್ ಮಾರ್ಕ್ಸ್ ಕೊಟ್ಟರು. ನನಗೆ 25ಕ್ಕೆ 4. ಟೈಲರ್‌ಗೆ 6. ಲೀಡರ್‌ಗೆ 19, ಆದರೂ ಅವನು ನಮ್ಮ ಜೊತೆ ಸೇರಿದ, ಯಾಕೆ ಅಂದರೆ ಲೂನಾದ ಪ್ಲಗ್ ವೈರ್ ಎಲ್ಲಿರುತ್ತದೆ ಅಂತ ಗೊತ್ತಿದ್ದವನು ಅವನೊಬ್ಬನೇ. ವೈರ್ ಕಿತ್ತು ಕಾಣದ ಹಾಗೆ ಒಳಗೆ ತೂರಿಸಿದೆವು. ಶಾಲೆ ಬಿಟ್ಟ ಮೇಲೆ ಸರ್ ತುಳಿದರು, ತುಳಿದರು, ಸ್ಟಾರ್ಟ್ ಆಗಲಿಲ್ಲ. ಲೂನಾಕ್ಕೆ ಪೆಡಲ್ ಇರುತ್ತದಲ್ವಾ, ಹಾಗಾಗಿ ಅವರು ಅದನ್ನು ತಳ್ಳಲಿಲ್ಲ. ಸೈಕಲ್ ಥರ ತುಳಿಯುತ್ತಾ ಕಾಲುವೆ ಏರಿ ಮೇಲೆ ಹೊರಟರು. ಧೋತರದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎದುರುಗಾಳಿಗೆ ತಲೆ ಬಗ್ಗಿಸಿಕೊಂಡು. ನಾವು ಗೋಡೆ ಹಿಂದೆ ಬಾಯಿಗೆ ಟವೆಲ್ ತುರುಕಿಕೊಂಡು ನಗುತ್ತಿದ್ದೆವು.

ಮರುದಿನ ಸರ್ ಬೈಯಲಿಲ್ಲ. ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. 'ಒಬ್ಬ ಮಾಸ್ತರ ಲೂನಾ ತುಳಿದುಕೊಂಡು 50 ನಿಮಿಷಕ್ಕೆ ಮನೆ ಸೇರಿದ. ಈ 50 ನಿಮಿಷವನ್ನು ವೈರ್ ಕಿತ್ತವರಿಗೆ ಸಮನಾಗಿ ಹಂಚಿದರೆ ಒಬ್ಬೊಬ್ಬರ ಪಾಲಿಗೆ ಎಷ್ಟು?' ಇಡೀ ಕ್ಲಾಸು ಸುಮ್ಮನೆ. ವೈರ್ ಕಿತ್ತವರು ಎಷ್ಟು ಜನ ಅಂತ ಲೆಕ್ಕದಲ್ಲಿ ಇರಲೇ ಇಲ್ಲ, ಮಾಡುವುದು ಹೇಗೆ? ಆಗ ಟೈಲರ್, ಜೀವಮಾನದಲ್ಲಿ ಒಂದೇ ಒಂದು ಸಲ ತನಗೆ ಉತ್ತರ ಗೊತ್ತಿದೆ ಅನ್ನುವ ಖುಷಿಯಲ್ಲಿ, ಕೈ ಎತ್ತಿ ಎದ್ದು ನಿಂತ.

"16 ನಿಮಿಷ 40 ಸೆಕೆಂಡ್, ಸರ್."

ಸರ್ ಚಾಕ್‌ಪೀಸ್ ಟೇಬಲ್ ಮೇಲೆ ಇಟ್ಟರು. "ಭೇಷ್. ಹಂಗಾರ ಮೂರು ಮಂದಿ. ಇನ್ನಿಬ್ಬರು ಯಾರು?"

ಟೈಲರ್ ನಮ್ಮಿಬ್ಬರನ್ನು ನೋಡಿದ. ಅಷ್ಟು ಸಾಕಾಯಿತು. ಮೂವತ್ತು ವರ್ಷದಿಂದ ಲೀಡರ್ ಅವನನ್ನು ಇದಕ್ಕೆ ಬೈಯುತ್ತಲೇ ಇದ್ದಾನೆ. ಮರದ ಕೆಳಗೂ ಬೈದ.

ಇನ್ನೊಂದು ಮೇಣದ ಬತ್ತಿಯದು. ಶನಿವಾರ ಶನಿವಾರ ಹಳೇ ಬ್ಯಾಟರಿ ಸೆಲ್ ಒಡೆದು ಅದರ ಮಸಿ, ಹಾಗಲ ಎಲೆ ಸೇರಿಸಿ ಬೋರ್ಡಿಗೆ ತಿಕ್ಕುವ ಕೆಲಸ ನಮ್ಮದು. ಒಂದು ಶನಿವಾರ ಮಸಿ ಒಣಗಿದ ಮೇಲೆ ಟೈಲರ್ ಅದರ ಮೇಲೆ ಮೇಣದ ಬತ್ತಿ ಉಜ್ಜಿದ. ಸೋಮವಾರ ಚಾಕ್‌ಪೀಸ್ ಬೋರ್ಡಿನ ಮೇಲೆ ಜಾರಿ ಜಾರಿ ಹೋಯಿತು. ಸರ್ ಬೋರ್ಡನ್ನು ಬೆರಳಿಂದ ಒರೆಸಿ ಮೂಸಿ ನೋಡಿದರು. "ಇವತ್ತ ಬೋರ್ಡಿಗೆ ಸೂಟಿ" ಅಂತ ಹೇಳಿ ನಮ್ಮನ್ನೆಲ್ಲ ಅಂಗಳಕ್ಕೆ ಕರೆದುಕೊಂಡು ಬಂದರು. ಬಾವಿ ಹಗ್ಗ ತರಿಸಿ ಸಮ ಅಂತರದಲ್ಲಿ ಗಂಟು ಹಾಕಿ 12 ಭಾಗ ಮಾಡಿದರು. "ಉಗುರಾಗ ಮೇಣ ಇದ್ದವರು ಮೂಲಿಗೆ ನಿಲ್ರಿ." ಮೂವರು ಮೂರು ಮೂಲೆಗೆ. ಒಂದು ಕಡೆ 3 ಭಾಗ, ಒಂದು ಕಡೆ 4, ಒಂದು ಕಡೆ 5. ಹಗ್ಗ ಬಿಗಿಯಾಗಿ ಎಳೆದು ಹಿಡಿದು ಮಧ್ಯಾಹ್ನದ ಬಿಸಿಲಲ್ಲಿ ಒಂದು ಪೀರಿಯಡ್ ಪೂರ್ತಿ ನಿಂತೆವು. ಲಂಬಕೋನದ ಮೂಲೆಯಲ್ಲಿ ನಿಂತವನು ಟೈಲರ್. ಬಳ್ಳಾರಿಯಲ್ಲಿ ಮನೆ ಕಟ್ಟಿಸುವಾಗ ಪಾಯದ ಮೂಲೆ ಸರಿ ಇಲ್ಲ ಅಂತ ಗೌಂಡಿ ಜೊತೆ ಜಗಳ ಆಡಿ, ಹಗ್ಗಕ್ಕೆ ಗಂಟು ಹಾಕಿ ತಾನೇ ತೋರಿಸಿದನಂತೆ. ಗೌಂಡಿ ಇವನನ್ನು ಇಂಜಿನಿಯರ್ ಅಂದುಕೊಂಡನಂತೆ.

ರಾತ್ರಿ ಲೀಡರ್ ಮನೆಯಲ್ಲಿ ಊಟ. ಬೇಗ ಮಲಗಿದೆವು, ಬೆಳಗ್ಗೆ ಗುಡ್ಡ ಹತ್ತಬೇಕಿತ್ತು.

ಎರಡನೇ ದಿನ, ಶುಕ್ರವಾರ: ಅಂಜನಾದ್ರಿ, ಮುನಿರಾಬಾದ್

ಆರು ಗಂಟೆಗೆಲ್ಲ ಗುಡ್ಡದ ಬುಡದಲ್ಲಿದ್ದೆವು. ಹನುಮಮಾಲೆಯವರ ಗದ್ದಲ ಮುಗಿದು ಸ್ವಲ್ಪ ದಿನ ಆಗಿತ್ತು, ಜನ ಕಡಿಮೆ. ಕೋತಿ ಕಡಿಮೆ ಇರಲಿಲ್ಲ.

612ರ ಕಥೆ ಈ ಕೋತಿಗಳದೇ. ಆವತ್ತು ನಾನು ಮತ್ತು ಟೈಲರ್ ಎಣಿಸುವ ಕೆಲಸವನ್ನು ಲೀಡರ್‌ಗೆ ಗುತ್ತಿಗೆ ಕೊಟ್ಟಿದ್ದೆವು. ದರ ಎರಡು ಪೇರಲ ಹಣ್ಣು. ನಮ್ಮನ್ನು ನೋಡಿ ಉಳಿದ ಹುಡುಗರೂ ಕೊಟ್ಟರು. ಹೀಗೆ ಹದಿನೆಂಟು ಹುಡುಗರ ಪೇರಲ ಹಣ್ಣು ಚೀಲದಲ್ಲಿ ತುಂಬಿಕೊಂಡು ಎಣಿಸುತ್ತಾ ಹತ್ತಿದ ಲೀಡರ್. ಅರ್ಧ ದಾರಿಯಲ್ಲಿ ಕೋತಿ ಚೀಲಕ್ಕೆ ಕೈ ಹಾಕಿತು. ಹಣ್ಣು ಹೋಯಿತು, ಲೆಕ್ಕವೂ ಹೋಯಿತು. ಮೇಲೆ ಬಂದು 612 ಅಂದುಬಿಟ್ಟ. ಅದೆಲ್ಲಿಂದ ಬಂತೋ, ಅವರಪ್ಪನ ಲೂನಾದ ನಂಬರ್ ಇರಬೇಕು ಅಂತ ನನ್ನ ಅನುಮಾನ. ಹದಿನೆಂಟು ಪುಸ್ತಕದಲ್ಲಿ 612. ಹುಡುಗಿಯರ ಪುಸ್ತಕದಲ್ಲಿ 573, 575, 576, ಹೀಗೆ ಒಂದೆರಡು ಆಚೆ ಈಚೆ. ಸರ್ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಎಣಿಸಿದವರ ಲೆಕ್ಕ ಒಂದೆರಡು ತಪ್ಪತೈತಿ. ಕಾಪಿ ಹೊಡದವರದು ಒಂದೂ ತಪ್ಪೂದಿಲ್ಲ."

ಶಿಕ್ಷೆ ಸೋಮವಾರ. ಶಾಲೆಗೆ ಐದು ಮೆಟ್ಟಿಲು. 575ನ್ನು 5ರಿಂದ ಭಾಗಿಸಿದರೆ 115. ನೂರಾ ಹದಿನೈದು ಸಲ ಹತ್ತಬೇಕು. ಇಳಿದದ್ದು ಲೆಕ್ಕಕ್ಕಿಲ್ಲ. ಒಬ್ಬೊಬ್ಬ ಹುಡುಗನಿಗೆ ಒಬ್ಬೊಬ್ಬ ಹುಡುಗಿ ಲೆಕ್ಕ ಹಿಡಿಯಲು. ನನ್ನ ಲೆಕ್ಕ ಹಿಡಿದವಳು ಮಹಾ ಖಡಕ್, ಕಾಲು ಪೂರ್ತಿ ಊರದಿದ್ದರೆ ಎಣಿಸುತ್ತಲೇ ಇರಲಿಲ್ಲ. 60 ಆಗುವಷ್ಟರಲ್ಲಿ ಹಳಿ ಬಡಿದರು, ಶಾಲೆ ಬಿಟ್ಟಿತು. ಸರ್ ಎಲ್ಲರ ಪುಸ್ತಕ ತರಿಸಿಕೊಂಡು ಕೆಂಪು ಶಾಯಿಯಲ್ಲಿ ಬಾಕಿ ಬರೆದರು. ಮರುದಿನ ಪರೀಕ್ಷೆ ಟೈಂಟೇಬಲ್ ಬಂತು, ಬಾಕಿ ಹಾಗೇ ಉಳಿಯಿತು.

ಈ ಸಲ ಮೂವರೂ ಹುಣಸೆ ಬೀಜ ಹಾಕಿಕೊಂಡು ಹೊರಟೆವು. ಮೊದಲ ನೂರು ಸಲೀಸು. ಇನ್ನೂರಕ್ಕೆ ನನ್ನ ಮಂಡಿ ಮಾತಾಡಲು ಶುರು ಮಾಡಿತು. ಮುನ್ನೂರು ದಾಟಿದ ಮೇಲೆ ಒಂದು ಬಂಡೆಯ ನೆರಳಲ್ಲಿ ನಿಂತೆ, ನನಗಿಂತ ವಯಸ್ಸಾದ ಅಜ್ಜಿಯೊಬ್ಬಳು ಬರಿಗಾಲಲ್ಲಿ, ಸೊಂಟದ ಮೇಲೆ ಮೊಮ್ಮಗನನ್ನು ಇಟ್ಟುಕೊಂಡು "ಏಳ್ರಿ ಸಾಹೇಬ್ರ, ಇಲ್ಲೇ ಐತಿ" ಅಂತ ದಾಟಿ ಹೋದಳು. ಲೀಡರ್‌ಗೆ ಮೂರು ಸಲ ಯೂರಿಯಾ ಗಿರಾಕಿಗಳ ಫೋನ್ ಬಂತು. ಮೇಲೆ ತಲುಪಿದ ಮೇಲೆ ಜೇಬು ಖಾಲಿ ಮಾಡಿದೆವು. ಟೈಲರ್ ಎಡ ಜೇಬಲ್ಲಿ 23 ಬೀಜ. 25 ಇಂಟು 23, ಸರಿಯಾಗಿ 575. ನನ್ನದು 568. ಲೀಡರ್ ತನ್ನದು ಹೇಳಲಿಲ್ಲ, ದೇವರಿಗೆ ಕೈ ಮುಗಿಯಲು ಹೋದ.

ಮೇಲಿನಿಂದ ಕಾಣುವುದನ್ನು ಎಣಿಸಲು ಆಗುವುದಿಲ್ಲ. ಬಂಡೆ ಮೇಲೆ ಬಂಡೆ, ನಡುವೆ ಹೊಳೆ, ಬಾಳೆ ತೋಟ, ಭತ್ತದ ಗದ್ದೆ, ಆಚೆ ದಡದಲ್ಲಿ ಹಂಪಿ. ಸೂರ್ಯ ಮೇಲೆ ಬರುತ್ತಿದ್ದ ಹಾಗೆ ಬಂಡೆಗಳು ಬೂದು ಬಣ್ಣದಿಂದ ಕಾವಿ ಬಣ್ಣಕ್ಕೆ ತಿರುಗಿದವು. ಒಂದು ಗಂಟೆ ಸುಮ್ಮನೆ ಕೂತೆವು.

ಮಧ್ಯಾಹ್ನ ಸಣಾಪುರದ ದಾರಿ ಹಿಡಿದು ಹುಲಿಗಿಗೆ. ಹುಲಿಗೆಮ್ಮನಿಗೆ ಕಾಯಿ ಒಡೆಸಿ ಮುನಿರಾಬಾದ್ ಕಡೆಯಿಂದ ಡ್ಯಾಮ್ ನೋಡಲು ಹೋದೆವು. 1994ರಲ್ಲಿ ಇಲ್ಲಿ ನನ್ನ ಪುಸ್ತಕದಲ್ಲಿ ಬರೆದದ್ದು 33. ಅದೊಂದೇ ಸರಿ ಉತ್ತರ, ಯಾಕೆಂದರೆ ಅದು ಪಾಠದಲ್ಲೇ ಇತ್ತು. ಸರ್ ಇಲ್ಲಿ ನಿಲ್ಲಿಸಿ ಹೇಳಿದ್ದು ನೆನಪಾಯಿತು. ಆಗ ಹೊಳೆಯ ಈ ದಡ ನಿಜಾಮರದು, ಆ ದಡ ಮದ್ರಾಸಿನವರದು. 1945ರ ಫೆಬ್ರವರಿ 28ರಂದು ಎರಡೂ ದಡದಲ್ಲಿ ಅಡಿಗಲ್ಲು ಹಾಕಿದರು. ಎರಡು ಸರ್ಕಾರ ಎರಡು ಕಡೆಯಿಂದ ಕಟ್ಟುತ್ತಾ ಬಂದವು. 1953ಕ್ಕೆ ಮುಗಿಯುವಷ್ಟರಲ್ಲಿ ಆ ಎರಡು ಸರ್ಕಾರಗಳ ಪೈಕಿ ನಿಜಾಮರದು ಇರಲೇ ಇಲ್ಲ. "ಎರಡು ಕಡಿಯಿಂದ ಕಟ್ಟಿಗೋತ ಬಂದು ನಡುವ ಒಂದು ಇಂಚ್ ತಪ್ಪಿದ್ರ ಏನ್ ಮಾಡ್ತಿದ್ರಲೇ? ಅಳತಿ ಅಂದ್ರ ಅದು" ಅಂದಿದ್ದರು.

ಲೀಡರ್ ಬೆರಳು ತೋರಿಸಿ ಎಣಿಸುತ್ತಾ ಹೋದವನು 19ಕ್ಕೆ ನಿಂತ. "ಇದನ್ನ ಎಣಿಸಬೇಕೋ ಬ್ಯಾಡೋ?" 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆಗೆದು ತುಂಬಿದ ಡ್ಯಾಮಿನ ನೀರು ಹರಿಬಿಡಬೇಕಾಯಿತು. ಆ ವಾರ ಲೀಡರ್ ಅಂಗಡಿಯಲ್ಲಿ ಒಂದು ಚೀಲ ಗೊಬ್ಬರ ಹೋಗಲಿಲ್ಲ. ಇದ್ದ ಬೆಳೆಗೇ ನೀರು ಸಾಲುತ್ತದೋ ಇಲ್ಲವೋ ಅಂತ ರೈತರು ಅಂಗಡಿ ಕಟ್ಟೆ ಮೇಲೆ ಬಂದು ಸುಮ್ಮನೆ ಕೂರುತ್ತಿದ್ದರಂತೆ. ಒಂದು ವಾರದಲ್ಲಿ ಸ್ಟಾಪ್‌ಲಾಗ್ ಅಂದರೆ ತಾತ್ಕಾಲಿಕ ಉಕ್ಕಿನ ತಡೆ ಇಳಿಸಿ ನೀರು ನಿಲ್ಲಿಸಿದರು, ಆಮೇಲೆ ಮಳೆ ಬಂದು ಮತ್ತೆ ತುಂಬಿತು. ನಾವು ಹೋದಾಗ ಅಲ್ಲಿದ್ದದ್ದು ಗೇಟೋ ತಡೆಯೋ? ಟೈಲರ್ ಕಾಗದದ ಮೇಲೆ '32 ಮತ್ತು 1' ಅಂತ ಬರೆದುಕೊಂಡ. ರಾತ್ರಿ ಕೊಪ್ಪಳದ ಲಾಡ್ಜಿನಲ್ಲಿ ಸೊಳ್ಳೆ. ಆ ಬಗ್ಗೆ ಇನ್ನೇನೂ ಹೇಳುವುದಿಲ್ಲ.

ಮೂರನೇ ದಿನ, ಶನಿವಾರ: ಕೊಪ್ಪಳ, ಇಟಗಿ

ಬೆಳಗ್ಗೆ ಗವಿಮಠ. ಜನವರಿ ಜಾತ್ರೆಗೆ ಮೈದಾನ ಸಜ್ಜಾಗುತ್ತಿತ್ತು. ಗುಡ್ಡದ ಬಂಡೆ ಮೇಲೆ ಅಶೋಕನ ಶಾಸನ ಇದೆ. ಕೊಪ್ಪಳದಲ್ಲಿ ಇಂಥವು ಎರಡು, ಇಲ್ಲೊಂದು, ಪಾಲ್ಕಿಗುಂಡಿನಲ್ಲೊಂದು. ಬೆಳಕಿಗೆ ಬಂದಿದ್ದು 1931ರಲ್ಲಿ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ನಮಗೆ ಒಂದಕ್ಷರ ಓದಲು ಬರುವುದಿಲ್ಲ. ಆದರೆ ಅದರಲ್ಲಿ ಏನಿದೆ ಅಂತ ಸರ್ ಹೇಳಿದ್ದು ಮಾತ್ರ ಮರೆತಿಲ್ಲ. ಚರಿತ್ರೆ ಅವರ ಸಬ್ಜೆಕ್ಟ್ ಅಲ್ಲ, ಆದರೂ ಹೇಳಿದರು. ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಆದರೆ ಮೊದಲ ಒಂದು ವರ್ಷ ಅಷ್ಟಾಗಿ ಶ್ರಮ ಹಾಕಲಿಲ್ಲ ಅಂತ ಅಶೋಕ ಬರೆಸಿದ್ದಾನೆ. "ನೋಡ್ರಲೇ, ಚಕ್ರವರ್ತಿ ಅವನು. ಮೊದಲನೇ ವರ್ಷ ನಾ ಸರಿಯಾಗಿ ಓದಲಿಲ್ಲ ಅಂತ ಕಲ್ಲಿನ ಮ್ಯಾಲ ಬರಸ್ಯಾನ. ನಿಮಗ ಒಂದು ಹಾಳಿ ಮ್ಯಾಲ ಬರಿಯಾಕ ಏನು ದಾಡಿ?" ಅಂದರು. ಅಂದರೆ ಪೇರಲ ಹಣ್ಣಿನ ವಿಷಯ ಅವರಿಗೆ ಹಿಂದಿನ ದಿನ ಗುಡ್ಡದ ಮೇಲೇ ವಾಸನೆ ಹೊಡೆದಿತ್ತು. ಒಪ್ಪಿಕೊಳ್ಳಲು ಅವಕಾಶ ಕೊಟ್ಟಿದ್ದರು. ನಮ್ಮ ಹದಿನೆಂಟು ಜನರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ಇದು ನನಗೆ ಹೊಳೆದಿದ್ದು ಈಗ, ಆ ಬಂಡೆ ಮುಂದೆ ಮತ್ತೆ ನಿಂತಾಗ. ಲೀಡರ್‌ಗೆ ಹೇಳಿದೆ. ಅವನು "ನನಗ ಅವತ್ತೇ ಗೊತ್ತಿತ್ತು" ಅಂದ. ಲೀಡರ್ ಯಾವಾಗಲೂ ಹಾಗೇ.

ಪಾಲ್ಕಿಗುಂಡು ಹತ್ತಲು ಸ್ವಲ್ಪ ಕಷ್ಟ. ಎರಡು ಬಂಡೆ ಮೇಲೆ ಒಂದು ಹಾಸುಬಂಡೆ, ಪಲ್ಲಕ್ಕಿ ಹಾಗೆ. ಅದರ ಅಡಿಯ ಶಾಸನ ಬಹಳ ಸವೆದಿದೆ. ಮಠಕ್ಕೆ ವಾಪಸ್ ಬಂದು ದಾಸೋಹದಲ್ಲಿ ಊಟ ಮಾಡಿದೆವು. ಕಿನ್ನಾಳಕ್ಕೆ ಹೋಗಿ ಮಗಳಿಗೆ ಒಂದು ಬಣ್ಣದ ಗಿಳಿ ತಗೊಂಡೆ. ಹಗುರ ಮರ, ಹುಣಸೆ ಬೀಜದ ಅಂಟು. ಅಂಟಿನ ವಿಷಯ ಕೇಳಿ ಟೈಲರ್ ಜೇಬಿನ ಬೀಜ ತೆಗೆದು ಚಿತ್ರಗಾರರಿಗೆ ತೋರಿಸಿದ, ಅವರು ನಕ್ಕರು. ಕುಕನೂರಿನ ನವಲಿಂಗ ಗುಡಿಯನ್ನು ಓಡೋಡುತ್ತಾ ನೋಡಿದೆವು, ಅದು ನಮ್ಮ ತಪ್ಪು, ಇನ್ನೂ ಹೊತ್ತು ಕೊಡಬೇಕಿತ್ತು.

ಇಟಗಿ ಸೇರುವಾಗ ಬಿಸಿಲು ಇಳಿಯುತ್ತಿತ್ತು. ಮಹಾದೇವ ದೇವಾಲಯ. 1112ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಶಾಸನದಲ್ಲಿ ಇದನ್ನು 'ದೇವಾಲಯ ಚಕ್ರವರ್ತಿ' ಅಂತ ಕರೆದಿದ್ದಾರೆ. ಅತಿಶಯ ಅಂತ ದೂರದಿಂದ ಅನಿಸಬಹುದು, ಹತ್ತಿರ ಹೋದರೆ ಅನಿಸುವುದಿಲ್ಲ. ಕಂಬಗಳನ್ನು ಬುಗುರಿ ಕಡೆದ ಹಾಗೆ ಕಡೆದಿದ್ದಾರೆ. ಒಂದು ಕಂಬದ ನುಣುಪಿನಲ್ಲಿ ಟೈಲರ್ ತನ್ನ ಮಫ್ಲರ್ ಸರಿ ಮಾಡಿಕೊಂಡ. ಒಂದು ಕಂಬದಂತೆ ಇನ್ನೊಂದು ಇದೆಯಾ ಅಂತ ನೋಡುತ್ತಾ ಹೋದರೆ ಲೆಕ್ಕ ತಪ್ಪುತ್ತದೆ. ಅಲ್ಲದೆ ಇಲ್ಲಿ ಎಣಿಸುವುದೇ ಜಗಳದ ಕೆಲಸ. ನಡುವಿನ ದೊಡ್ಡ ಕಂಬ ಸರಿ. ಸುತ್ತಲಿನ ಜಗಲಿ ಕಟ್ಟೆಯ ಮೇಲೆ ನಿಂತ ಗಿಡ್ಡ ಕಂಬ? ಗೋಡೆಯೊಳಗೆ ಅರ್ಧ ಹೋದದ್ದು? "ಗ್ವಾಡಿಯೊಳಗ ಅರ್ಧ ಹೋಗಿದ್ರ ಅರ್ಧ ಅಂತ ಹಿಡಿ" ಅಂದ ಟೈಲರ್, ಬಟ್ಟೆ ಅಳತೆಯವನಲ್ವಾ. ಲೀಡರ್ ಪೂರ್ತಿ ಹಿಡಿಯಬೇಕು ಅಂದ. ಇಬ್ಬರೂ ಬೇರೆ ಬೇರೆ ದಿಕ್ಕಿನಿಂದ ಎಣಿಸಲು ಹೋದರು.

ಅಷ್ಟರಲ್ಲಿ ನನಗೆ ಆಫೀಸಿನಿಂದ ಫೋನ್ ಬಂತು. ಪುಷ್ಕರಣಿ ಮೆಟ್ಟಿಲ ಮೇಲೆ ಕೂತು ಮಾತಾಡಿದೆ, ಮುಗಿಯುವಷ್ಟರಲ್ಲಿ ಕತ್ತಲು, ಕಾವಲಿನವರು ಹೊರಗೆ ನಡೀರಿ ಅನ್ನುತ್ತಿದ್ದರು. ಕಾರಲ್ಲಿ ಕೂತ ಮೇಲೆ ಟೈಲರ್ ಕಾಗದ ಇಸಕೊಂಡು ನಾನು ಅವನ ಸಂಖ್ಯೆ ಬರೆದುಕೊಂಡೆ. ಹೌದು, ನಲವತ್ತೈದು ವಯಸ್ಸಿಗೆ. ಆ ಸಂಖ್ಯೆ ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ನೀವೇ ಹೋಗಿ ಎಣಿಸಿ.

ನಾಲ್ಕನೇ ದಿನ, ಭಾನುವಾರ: ಸರ್ ಊರು

ಯಲಬುರ್ಗಾ ಕಡೆ ನೆಲ ಬೇರೆ. ಭತ್ತ ಇಲ್ಲ, ಕಾಲುವೆ ಇಲ್ಲ. ಎರೆ ಹೊಲ, ಎದೆಯುದ್ದ ಬಿಳಿಜೋಳ, ನಡುವೆ ಕಡಲೆ. ಲೂನಾ ತುಳಿದುಕೊಂಡು ಹೋಗುತ್ತಿದ್ದ ಮನುಷ್ಯ ಈ ನೆಲದವರು ಅಂತ ನಮಗೆ ಆಗ ಗೊತ್ತೇ ಇರಲಿಲ್ಲ.

ಸರ್ ಕಟ್ಟೆ ಮೇಲೆ ಪೇಪರ್ ಓದುತ್ತಾ ಕೂತಿದ್ದರು. ತೆಳ್ಳಗಾಗಿದ್ದಾರೆ. ಕಿವಿ ಸ್ವಲ್ಪ ಮಂದ. ಕಾಲಿಗೆ ನಮಸ್ಕಾರ ಮಾಡಿದೆವು. ಯಾವ ವರ್ಷದ ಬ್ಯಾಚ್ ಅಂತ ಹೇಳಿದೆವು. ನನ್ನನ್ನು ದಿಟ್ಟಿಸಿ ನೋಡಿ "ನೀ ಪೋಸ್ಟ್‌ಮನ್ ಮಗ ಅಲ್ಲೇನೋ?" ಅಂದರು. ಅಲ್ಲ. ಟೈಲರ್ ನೆನಪಿಲ್ಲ. ಲೀಡರ್ ಕೂಡ ನೆನಪಿಲ್ಲ, ಅದು ಲೀಡರ್‌ಗೆ ಬಹಳ ಬೇಜಾರಾಯಿತು. ಕೊನೆಗೆ ಟೈಲರ್ ಧೈರ್ಯ ಮಾಡಿ "ಸರ್, ನಿಮ್ಮ ಲೂನಾ ವೈರ್ ಕಿತ್ತವರು ನಾವ್ರಿ" ಅಂದ.

ಸರ್ ಮುಖ ಅರಳಿತು. "ಲೂನಾ! ಹಸರು ಲೂನಾ! ಏನು ಗಾಡಿ ಅದು! ಒಂದು ಲೀಟರ್ ಪೆಟ್ರೋಲ್‌ನಾಗ ಮೂರು ದಿನ ಹೋಗಿ ಬರ್ತಿದ್ದೆ." ಆಮೇಲೆ ಕಾಲು ಗಂಟೆ ಲೂನಾ ಬಗ್ಗೆಯೇ ಮಾತು. ಯಾರಿಗೆ ಮಾರಿದರು, ಅವನು ಅದನ್ನು ಹೇಗೆ ಹಾಳು ಮಾಡಿದ ಅನ್ನುವವರೆಗೂ. ನಾವು ನೆನಪಿಲ್ಲ, ಗಾಡಿ ನೆನಪಿದೆ.

ಅಮ್ಮಾರು ಒಳಗೆ ಕರೆದರು. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಎಷ್ಟು ರೊಟ್ಟಿ ತಿಂದೆವು ಅಂತ ಯಾರೂ ಎಣಿಸಲಿಲ್ಲ.

ಊಟ ಆದ ಮೇಲೆ ನೋಟ್‌ಬುಕ್ ಕೈಗಿಟ್ಟೆ. ಸರ್ ಚಷ್ಮಾ ಹಾಕಿಕೊಂಡು ಕೆಂಪು ಗೀಟಿನ ಮೇಲೆ ಬೆರಳಾಡಿಸಿದರು. "ಅಕ್ಷರ ನಂದ. ನೆನಪಿಲ್ಲ." ಹಿಂದಿನ ಹಾಳೆ, ಮುಂದಿನ ಹಾಳೆ ತಿರುಗಿಸಿದರು. ಒಂದು ಕಡೆ ನಾನು 'ಆನೆಗುಂದಿ'ಯನ್ನು 'ಅನೆಗುಂದಿ' ಅಂತ ಬರೆದಿದ್ದೆ, ಜೇಬಿನಿಂದ ಪೆನ್ ತೆಗೆದು ದೀರ್ಘ ಹಾಕಿದರು. ಆಮೇಲೆ ಈ ಸಲದ ಲೆಕ್ಕ ಕೇಳಿದರು. ನಾವು ನಮ್ಮ ನಮ್ಮ ಕಾಗದ ಕೊಟ್ಟೆವು. ಅಂಜನಾದ್ರಿಯ 568, 575 ನೋಡಿ ತಲೆಯಾಡಿಸಿದರು. ಡ್ಯಾಮಿನ '32 ಮತ್ತು 1' ನೋಡಿ ಜೋರಾಗಿ ನಕ್ಕರು. ಇಟಗಿಗೆ ಬಂದಾಗ ನನ್ನ ಕಾಗದ, ಟೈಲರ್ ಕಾಗದ ಎರಡನ್ನೂ ಪಕ್ಕಪಕ್ಕ ಇಟ್ಟರು. ತುಂಬ ಹೊತ್ತು ಏನೂ ಅನ್ನಲಿಲ್ಲ.

"ಇಬ್ಬರದೂ ಒಂದ ಐತಿ."

"ಹೌದ್ರಿ ಸರ್" ಅಂದೆ.

"ಕಂಬ ಸರಿಯಪಾ, ಇಬ್ಬರೂ ಅಷ್ಟ ಎಣಿಸಬಹುದು. ಈ ಕೊನೀಗೆ ಅರ್ಧ ಐತೆಲ್ಲ, ಈ ಅರ್ಧ ಕಂಬ ಇಬ್ಬರ ತಲಿಯಾಗೂ ಹೆಂಗ ಬಂತು?"

ಟೈಲರ್ ನನ್ನನ್ನು ನೋಡಿದ. ಈ ಸಲವೂ ಅಷ್ಟು ಸಾಕಾಯಿತು.

ಸರ್ ಕಟ್ಟೆಗೆ ಒರಗಿ ಕೂತು ಮನೆಯ ಬಾಗಿಲ ಕಡೆ ನೋಡಿದರು. ನಾನೂ ನೋಡಿದೆ. ಮೂರು ಮೆಟ್ಟಿಲು, ಕಡಪ ಕಲ್ಲಿನವು. "ಬಾಕಿ 275" ಅಂದರು. "ಮೂರರಿಂದ ಭಾಗ ಆಗೂದಿಲ್ಲ. 91 ಸಲ, ಎರಡು ಉಳೀತಾವ. ಹೋಗ್ಲಿ, ಎರಡು ಮಾಫಿ."

ತಮಾಷೆ ಅಂದುಕೊಂಡು ನಕ್ಕೆವು. ಅವರು ನಗಲಿಲ್ಲ. ಮೊಮ್ಮಗಳನ್ನು ಕರೆದರು. ಎರಡನೇ ಕ್ಲಾಸಿನ ಹುಡುಗಿ, ಕೈಯಲ್ಲಿ ಕಡಲೆ ಗಿಡ ಹಿಡಿದು ಹಸಿ ಕಡಲೆ ಬಿಡಿಸಿ ತಿನ್ನುತ್ತಿದ್ದಳು. "ಈ ಕಾಕಾನ ಲೆಕ್ಕ ಹಿಡೀವ್ವ" ಅಂದರು. ನಾನು ಚಪ್ಪಲಿ ಬಿಟ್ಟೆ. ಲೀಡರ್ ಫೋನ್ ತೆಗೆದು ವೀಡಿಯೊ ಮಾಡಲು ನಿಂತವನನ್ನು ಸರ್ ಬೆರಳು ಮಾಡಿ ಕರೆದು ಸಾಲಿನಲ್ಲಿ ನಿಲ್ಲಿಸಿದರು, ಟೈಲರ್ ತಾನಾಗಿಯೇ ಬಂದು ನಿಂತ. ಮೂವರೂ ಹತ್ತಲು ಶುರು ಮಾಡಿದೆವು. ಓಣಿಯವರು ಒಬ್ಬೊಬ್ಬರೇ ಬಂದು ಎದುರು ಕಟ್ಟೆ ಮೇಲೆ ಕೂತರು. ಹದಿನೈದರವರೆಗೆ ನಗು ಬರುತ್ತಿತ್ತು. ಇಪ್ಪತ್ತಕ್ಕೆ ರೊಟ್ಟಿ ಮೇಲೆ ಬಂತು. ಮೂವತ್ತಕ್ಕೆ ಅಮ್ಮಾರು "ಸಾಕು ಬಿಡ್ರಿ, ಪಾಪ, ಈಗ ಉಂಡಾರ" ಅಂದರು, ಸರ್‌ಗೆ ಕೇಳಿಸಲಿಲ್ಲ. ಅಥವಾ ಕೇಳಿಸಿತು.

ಮೂವತ್ತೆಂಟು ಅಂದ ಹುಡುಗಿ ಒಂದು ಕಡಲೆ ಬಾಯಿಗೆ ಹಾಕಿಕೊಂಡು, ನಮ್ಮ ಮೂವರ ಕಾಲುಗಳನ್ನು ನೋಡಿ, ಬಾಯಿ ಆಡಿಸುವುದನ್ನು ನಿಲ್ಲಿಸಿದಳು.

"ತಾತಾ, ತಪ್ಪಿತು. ಮತ್ತ ಒಂದರಿಂದ."